ಕುರ್ಸುರಾ ಒಳಗೆ ಅಪ್ಪ ಕೇಳಿದ ಮೊದಲ ಪ್ರಶ್ನೆ

ತಂಗಿ ವಿಶಾಖಪಟ್ಟಣದಲ್ಲಿದ್ದಾಳೆ. ಸಂಕ್ರಾಂತಿ ಮುಗಿದ ಮೇಲೆ ಬಂಗಾರಪೇಟೆಯಿಂದ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಪ್ಪನಿಗೆ ಈಗ 72 ವರ್ಷ. ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ದುಡಿದವರು. ಆ ಗಣಿ 3 ಕಿಲೋಮೀಟರ್‌ಗೂ ಜಾಸ್ತಿ ಆಳ. ಅಲ್ಲಿನ ಕೆಲಸದ ಬಗ್ಗೆ ಮನೆಯಲ್ಲಿ ಅವರು ಮಾತಾಡಿದ್ದೇ ಕಡಿಮೆ.

"ಅಣ್ಣಾ, ಅಪ್ಪನಿಗೆ ಸಬ್‌ಮರೀನ್ ತೋರಿಸ್ಕೊಂಡು ಬಾ" ಅಂದಳು ತಂಗಿ. ಬುತ್ತಿ ಕಟ್ಟಿಕೊಟ್ಟಳು. ಇಬ್ಬರೂ ಹೊರಟೆವು.

ಆರ್.ಕೆ. ಬೀಚ್ ತಲುಪಿದಾಗ ಕುರ್ಸುರಾ ಸಬ್‌ಮರೀನ್ ಒಳಗೆ ಬಿಡಲು ಇನ್ನೂ ಹೊತ್ತಿತ್ತು. ಅದಕ್ಕೇ ಮೊದಲು 'ವಿಕ್ಟರಿ ಅಟ್ ಸೀ' ಸ್ಮಾರಕಕ್ಕೆ ಹೋದೆವು. 1971ರ ಯುದ್ಧದ ನೆನಪಿಗೆ 1996ರಲ್ಲಿ ಕಟ್ಟಿದ್ದು. ಪ್ರತಿ ವರ್ಷ ಡಿಸೆಂಬರ್ 4ರಂದು, ನೌಕಾಪಡೆ ದಿನ, ಇಲ್ಲಿ ಹೂವಿನ ಚಕ್ರ ಇಟ್ಟು ಗೌರವ ಸಲ್ಲಿಸುತ್ತಾರೆ. ನನಗೆ ಗೊತ್ತಿದ್ದಷ್ಟು ಕಥೆ ಅಪ್ಪನಿಗೆ ಹೇಳಿದೆ. ಪಾಕಿಸ್ತಾನದ ಘಾಜಿ ಎಂಬ ಸಬ್‌ಮರೀನ್ ನಮ್ಮ ವಿಕ್ರಾಂತ್ ಹಡಗನ್ನು ಮುಳುಗಿಸಬೇಕೆಂದು ಈ ಊರಿನ ಹತ್ತಿರದವರೆಗೂ ಬಂದಿತ್ತು. ವಿಕ್ರಾಂತ್ ಆಗ ದೂರದ ಅಂಡಮಾನ್ ಕಡೆ ಇತ್ತು. ಅದು ಇಲ್ಲೇ ಇದೆ ಎಂದು ನಂಬಿಸಲು ಐಎನ್‌ಎಸ್ ರಜಪೂತ್‌ನಿಂದ ಸುಳ್ಳು ಸಂದೇಶ ಕಳಿಸುತ್ತಿದ್ದರು. ಡಿಸೆಂಬರ್ 3ರ ನಡುರಾತ್ರಿ ಹೊತ್ತಿಗೆ ಘಾಜಿ ಮುಳುಗಿತು. ಹೇಗೆ ಮುಳುಗಿತು ಎನ್ನುವುದರಲ್ಲಿ ಎರಡು ದೇಶಗಳ ಮಾತು ಬೇರೆ ಬೇರೆ.

"ಒಳಗೆ ಎಷ್ಟು ಜನ ಇದ್ರು?"

"90ಕ್ಕೂ ಜಾಸ್ತಿ. ಯಾರೂ ಉಳೀಲಿಲ್ಲ. ಅದು ಇನ್ನೂ ಸಮುದ್ರದ ತಳದಲ್ಲೇ ಇದೆ."

ಅಪ್ಪ ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ನಿಧಾನವಾಗಿ, "ಅವರ ಮನೆಯೋರೂ ಕಾದಿರ್ತಾರಲ್ಲಪ್ಪ" ಅಂದರು. ಗಣಿಯೊಳಗೆ ಒತ್ತಡಕ್ಕೆ ಬಂಡೆ ಸಿಡಿದು ರಾಕ್ ಬರ್ಸ್ಟ್ ಆದ ದಿನ ಗಣಿ ಬಾಗಿಲಲ್ಲಿ ಹೆಂಗಸರು ಕಾಯುತ್ತಿದ್ದದ್ದು ನನಗೂ ನೆನಪಿದೆ. ಅಮ್ಮನ ಸೆರಗು ಹಿಡಿದು ನಾನೂ ನಿಂತಿದ್ದೆ.

ಐಎನ್‌ಎಸ್ ಕುರ್ಸುರಾ ಮರಳಿನ ಮೇಲೆ ನಿಂತಿದೆ. ಉದ್ದ 91 ಮೀಟರ್. ರಷ್ಯಾದವರು ಕಟ್ಟಿದ್ದು, 1969ರಲ್ಲಿ ಸೇವೆಗೆ ಬಂತು, 1971ರ ಯುದ್ಧದಲ್ಲೂ ಕೆಲಸ ಮಾಡಿತು. 2002ರಿಂದ ಮ್ಯೂಸಿಯಂ. ಒಳಗೆ ಗೈಡ್ ಆಗಿರುವವರು ನೌಕಾಪಡೆಯಿಂದ ನಿವೃತ್ತರಾದವರೇ. ನಮಗೆ ಸಿಕ್ಕವರು ತೆಲುಗಿನಲ್ಲಿ ವಿವರಿಸುತ್ತಿದ್ದರು. ಕೋಲಾರದವರಿಗೆ ತೆಲುಗು ಹೊಸದಲ್ಲ ಅಲ್ವಾ, ಅಪ್ಪ ನೇರವಾಗಿ ಅವರ ಜೊತೆಯೇ ಮಾತಿಗಿಳಿದರು.

ಮೊದಲು ಕೇಳಿದ್ದು, "ಗಾಳಿ ಎಲ್ಲಿಂದ ಬರ್ತಿತ್ತು ಸಾರ್?"

ಗೈಡ್ ಒಂದು ಕ್ಷಣ ಅಪ್ಪನ ಮುಖ ನೋಡಿದರು. ಹಿಂದಿದ್ದ ಹುಡುಗರೆಲ್ಲ ಟಾರ್ಪಿಡೊ ಎಷ್ಟು ದೂರ ಹೋಗುತ್ತೆ ಅಂತ ಕೇಳುತ್ತಿದ್ದರು. ಅವರನ್ನು ಬಿಟ್ಟು ಅಪ್ಪನಿಗೇ ಬಿಡಿಸಿ ಹೇಳಿದರು. ನೀರಿನ ಮೇಲಿದ್ದಾಗ, ಇಲ್ಲವೇ ಕೊಳವೆಯನ್ನಷ್ಟೇ ಮೇಲೆ ಚಾಚಿದಾಗ, ಡೀಸೆಲ್ ಎಂಜಿನ್ ಓಡಿಸಿ ಬ್ಯಾಟರಿ ಚಾರ್ಜ್ ಮಾಡುತ್ತಿದ್ದರಂತೆ. ಪೂರ್ತಿ ಮುಳುಗಿದ ಮೇಲೆ ಬ್ಯಾಟರಿ ಮೇಲೇ ಓಡಬೇಕು, ಒಳಗಿರುವ ಗಾಳಿಯಲ್ಲೇ ಉಸಿರಾಡಬೇಕು. ಸುಮಾರು 75 ಜನ. ಟಾರ್ಪಿಡೊಗಳ ಪಕ್ಕದಲ್ಲೇ ಮಲಗುವ ಹಲಗೆ. ಅಡುಗೆಮನೆಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ.

ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ದುಂಡನೆಯ ಕಿಂಡಿ. ಎಲ್ಲರೂ ತಲೆ ತೂರಿಸಿ ಹಣೆ ತಾಕಿಸಿಕೊಳ್ಳುತ್ತಿದ್ದರು. ಅಪ್ಪ ಮೇಲಿನ ಅಂಚು ಹಿಡಿದು, ಬೆನ್ನು ಬಾಗಿಸಿ, ಮೊದಲು ಬಲಗಾಲು ದಾಟಿಸಿದರು. ಆಮೇಲೆ ಸೊಂಟ, ಕೊನೆಗೆ ತಲೆ. ಒಂದು ಸಲವೂ ತಾಕಲಿಲ್ಲ. ಆಚೆ ಹೋಗಿ ನನಗೆ ಕೈ ಚಾಚಿದರು. "ಕಾಲು ಮೊದಲು. ನೆಲ ಇದೆಯೋ ಇಲ್ಲವೋ ನೋಡ್ಕೊಂಡು ತಲೆ ತರಬೇಕು" ಅಂದರು. ಇಷ್ಟು ವರ್ಷದಲ್ಲಿ ಗಣಿಯ ಕೆಲಸ ಹೇಗೆ ಅಂತ ಅವರು ನನಗೆ ಹೇಳಿಕೊಟ್ಟಿದ್ದು ಅದೇ ಮೊದಲು.

ಹಿಂಭಾಗದ ಟಾರ್ಪಿಡೊ ಕೋಣೆಯಲ್ಲಿ ಗೈಡ್ ಮಾತು ಮುಗಿಸುತ್ತಾ, ಇದು ನಿವೃತ್ತಿಯಾಗಿದ್ದು 2001ರ ಫೆಬ್ರವರಿ 27ಕ್ಕೆ ಅಂದರು.

ಅಪ್ಪ ನಿಂತುಬಿಟ್ಟರು. "ನಮ್ದು 28ಕ್ಕೆ."

ಗೈಡ್‌ಗೆ ಅರ್ಥವಾಗಲಿಲ್ಲ. ಕೆಜಿಎಫ್ ಗಣಿ ಮುಚ್ಚಿದ್ದು ಅದೇ ತಿಂಗಳ 28ಕ್ಕೆ ಅಂತ ನಾನೇ ಹೇಳಬೇಕಾಯಿತು. ಅವರು ಅಪ್ಪನ ಕೈ ಹಿಡಿದುಕೊಂಡರು. ಮುಂದಿನ ಗುಂಪು ಬರುವವರೆಗೂ ಇಬ್ಬರೂ ಅಲ್ಲೇ ನಿಂತು ಮಾತಾಡಿದರು. ಬಿಸಿಲು ಕಾಣದ ದಿನಗಳು, ಬೆವರು, ಎಣ್ಣೆ ವಾಸನೆ, ಮೇಲೆ ಬಂದಾಗ ಕಣ್ಣು ಚುಚ್ಚುವ ಬೆಳಕು. ನಾನು ಸುಮ್ನೆ ಕೇಳುತ್ತಿದ್ದೆ.

ಕುರ್ಸುರಾ ಒಳಗೆ ಮಕ್ಕಳು ನಡೆದಾಡಿ ನೋಡುತ್ತಾರೆ. ಚಾಂಪಿಯನ್ ರೀಫ್‌ನಲ್ಲಿ ಈಗ ನೀರು ತುಂಬಿದೆ. ಅಪ್ಪ ದುಡಿದ ಜಾಗವನ್ನು ನನ್ನ ಮಗಳಿಗೆ ತೋರಿಸಲು ನನ್ನಿಂದ ಆಗುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ರಸ್ತೆಯಾಚೆಯ ಟಿಯು-142 ವಿಮಾನವನ್ನೂ ನೋಡಿದೆವು. ಅರಕ್ಕೋಣಂನಿಂದ ಹಾರುತ್ತಿದ್ದದ್ದು, 29 ವರ್ಷ ಸೇವೆ. ಚೆನ್ನಾಗಿದೆ, ಆದರೆ ಅಪ್ಪನ ಮನಸ್ಸು ಅಲ್ಲಿರಲಿಲ್ಲ. ಮರಳಿನ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಎರಡು ತುತ್ತು ತಿಂದು ಅಪ್ಪ ಶುರು ಮಾಡಿದರು: "ಮೊದಲ ದಿನ ಕೇಜ್‌ನಲ್ಲಿ ಇಳಿದಾಗ ನನಗೆ ಇಪ್ಪತ್ತು ವರ್ಷ..."