ಫ್ಯೂಸ್ ಸರ್ ಮತ್ತ ಆಲಮಟ್ಟಿ ನೀರು

ಹೋದ ತಿಂಗಳು ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಾಗ ಸೈನ್ಸ್ ಸರ್ ತೀರ್ಕೊಂಡ ಸುದ್ದಿ ಬಂತು. ಗುಡ್ ಮಾರ್ನಿಂಗ್ ಫೋಟೋ ಬಿಟ್ರ ಏನೂ ಬರದ ಗ್ರೂಪು, ಅವತ್ತು ಮಧ್ಯರಾತ್ರಿ ತನಕ ಮಾತಾಡಿದ್ದ ಮಾತಾಡಿದ್ದು. ಮ್ಯಾಗಜಿನ್‌ಗೆ ನೀನ ಬರಿ ಅಂತ ಎಲ್ಲಾರೂ ನನಗ ಹಚ್ಚಿದ್ರು, ಬ್ಯಾಚಿನಾಗ ಕರೆಂಟಿನ ಕೆಲಸಕ್ಕ ಬಂದಾವ ನಾ ಒಬ್ಬನ ನೋಡ್ರಿ.

ನಮಗ ಅವರು ಫ್ಯೂಸ್ ಸರ್. ಸಾಲ್ಯಾಗ ಕರೆಂಟ್ ಹೋತಂದ್ರ ಲೈನ್‌ಮನ್ನನ ದಾರಿ ಕಾಯ್ತಿರಲಿಲ್ಲ, ಕಿಸೆದಾಗಿನ ಟೆಸ್ಟರ್ ತಗದು ಬೋರ್ಡಿನ ಮುಂದ ನಿಂತ ಬಿಡ್ತಿದ್ರು. ಎಸ್ಸೆಸ್ಸೆಲ್ಸಿಯೊಳಗ ಏನೇನ್ ಪಾಠ ಇದ್ವು ಅಂದ್ರ ನನಗ ಈಗ ಒಂದೂ ನೆನಪಿಲ್ಲ, ಆದ್ರ 2008ರಾಗ ಅವರು ನಮ್ಮನ್ನ ಆಲಮಟ್ಟಿಗೆ ಕರ್ಕೊಂಡು ಹೋಗಿದ್ದು ಪೂರ್ತಿ ನೆನಪೈತಿ.

ನಮಗ ಗೇಟ್ ನೋಡೂ ಹುಚ್ಚು. 26 ಗೇಟಿನಾಗ ಕೆಲವೊಂದು ತಗದಿದ್ರು, ನೀರು ಹಾಲಿನಂಗ ಬೆಳ್ಳಗ ಬೀಳ್ತಿತ್ತು. ಸರ್ ಮಾತ್ರ "ಅದು ದುಡೀದ ಹೋಗೂ ನೀರಲೇ, ದುಡಿಯೂ ನೀರು ನೋಡಬರ್ರಿ" ಅಂತ ಪವರ್ ಹೌಸಿಗೆ ಎಳಕೊಂಡು ಹೋದ್ರು. ಪರ್ಮಿಷನ್ ಮೊದ್ಲ ತಗೊಂಡಿದ್ರು. 55 ಮೆಗಾವ್ಯಾಟಿನ ಐದು ಯೂನಿಟ್, 15ರದೊಂದು, ಕೂಡಿಸಿದ್ರ 290. ಒಳಗ ಕಾಲಾಗಿನ ನೆಲಾನ ಗುಂಯ್ ಅಂತಿತ್ತು. ಇಲ್ಲಿ ಬೀಳೂ ಎತ್ತರ ಕಮ್ಮಿ, ನೀರು ಬಾಳ, ಅದಕ್ಕ ಕ್ಯಾಪ್ಲನ್ ಟರ್ಬೈನ್, ಹಡಗಿನ ಪಂಕದ ಜಾತಿದು, ನೀರು ಹೆಚ್ಚುಕಮ್ಮಿ ಆದಂಗ ಅದರ ರೆಕ್ಕಿ ತಿರುವಿ ಹೊಂದಿಸಬಹುದು ಅಂತೆಲ್ಲ ಹೇಳಿದ್ರು, ನಮ್ಮ ಲಕ್ಷ್ಯ ಬುತ್ತಿ ಮ್ಯಾಲ.

ಊಟಕ್ಕ ಕೂತಾಗ ಹಿಂದಿನ ಬೆಂಚಿನಾವ ಒಬ್ಬ ಪಿಟಿ ಸರ್ ಕಿವ್ಯಾಗ ಊದಿದ, "ಸರ್, ಈ ನಳದ ನೀರಿನಾಗಿನ ಕರೆಂಟೆಲ್ಲ ತಗದಬಿಟ್ಟಾರಂತ್ರಿ, ಸತ್ವನ ಇಲ್ಲಂತ, ಕುಡದ್ರ ಕೈಕಾಲು ಸೋಲ್ತಾವಂತ." ನಾವು ನಾಕೈದ್ ಮಂದಿ ಮಾರಿ ಸಣ್ಣದು ಮಾಡಿ ಹೌದ್ರಿ ಹೌದ್ರಿ ಅಂದ್ವಿ. ಪಾಪ, ಕುಸ್ತಿ ಆಡಿದ ಮನಷ್ಯಾ, ತುಂಬಿದ ಎರಡೂ ಕ್ಯಾನ್ ಚೆಲ್ಲಿಸಿಬಿಟ್ರು! ಕಟಕ ರೊಟ್ಟಿ, ಕೆಂಪಿಂಡಿ, ಒಂದ್ ಹನಿ ನೀರಿಲ್ಲ. ಹುಡಗ್ಯಾರು ಅಳೂಕ್ ಹತ್ತಿದಾಗ ವಿಷಯ ಹೊರಬಿತ್ತು, ನಮಗ ಬಸ್ಸಿನ ಬಾಜೂಕ ಬೈಠಕ್.

ಫ್ಯೂಸ್ ಸರ್ ಬೈಯಲಿಲ್ಲ. ಬೈಠಕ್ ಹೊಡಿಯಾಕತ್ತಾಗನ ಕೇಳಿದ್ರು, "ಇದ ನೀರು ನಾರಾಯಣಪುರಕ್ಕ ಹೋಗಿ ಸುರಪುರ, ಶಹಾಪುರದಾಗ ಭತ್ತ ಬೆಳೀತೈತಿ, ಸತ್ವ ಎಲ್ಲಿ ಹೋತು? ಹಂಗಾರ ನೀರಿನಾಗಿಂದ ನಾವು ತಗೊಂಡದ್ದಾರ ಏನು?" ಯಾರಿಗೂ ಬರಲಿಲ್ಲ. "ಎತ್ತರಲೇ, ಎತ್ತರ!" ಬಸ್ಸಿನ ಮೈಮ್ಯಾಲ ಚಾಕ್‌ಪೀಸಿನಾಗ ಲೆಕ್ಕ ಬರದ್ರು: ಸೆಕೆಂಡಿಗೆ ಒಂದು ಘನ ಮೀಟರ್ ಅಂದ್ರ 1000 ಕಿಲೋ ನೀರು, 20 ಮೀಟರ್ ಕೆಳಗ ಬಿದ್ರ 196 ಕಿಲೋವ್ಯಾಟ್, ಮಷಿನ್ನಿನಾಗ ಒಂದೀಟು ಹೋಗಿ ಉಳಿದದ್ದು ಕರೆಂಟ್. ಮಹಾಪೂರ ಬಂದು ಡ್ಯಾಮಿನ ಕೆಳಗೂ ನೀರು ಏರಿದ್ರ ಎತ್ತರ ಕಮ್ಮಿ ಆಗಿ ಕರೆಂಟೂ ಕಮ್ಮಿ ಆಗ್ತೈತಿ ಅಂದಾಗ ಡ್ರೈವರಣ್ಣಾನೂ ಬೀಡಿ ಬಿಟ್ಟು ಕೇಳಾಕ್ ನಿಂತಿದ್ದ.

"ಆ ಎತ್ತರ ಪುಕ್ಕಟೆ ಬಂದಿಲ್ಲ" ಅಂದ್ರು ಕಡೀಕ. 1964ರಾಗ ಅಡಿಗಲ್ಲು ಹಾಕಿದಾಗ ಅವರು ಸಣ್ಣ ಹುಡುಗ, 2005ಕ್ಕ ಮುಗಿಯೂದ್ರಾಗ ತಲಿ ಬೆಳ್ಳಗ. ಹಳೇ ಬಾಗಲಕೋಟ್ಯಾಗಿನ ಅವರ ಮನಿ ಹಿನ್ನೀರಿಗೆ ಹೋಗಿತ್ತು, ನವನಗರದ ಸೈಟಿನಾಗ ಇರ್ತಿದ್ರು. ನಮ್ಮಪ್ಪಂದೂ ಅದ ಕಥಿ. ಪರಿಹಾರದ ಮಾತು ಮನ್ಯಾಗ ದಿನಾ ಕೇಳಿದ್ದೆ, ಆದ್ರ ನಮ್ಮ ಪಡಸಾಲಿ ಮುಳಗಿದ್ದಕ್ಕೂ ಟರ್ಬೈನ್ ತಿರುಗೂದಕ್ಕೂ ಸಂಬಂಧ ಐತಿ ಅಂತ ತಿಳಿದದ್ದು ಅವತ್ತ.

ಈಗ ನನ್ನ ಕೈಕೆಳಗ ಎಂಟ್ಹತ್ತು ಇಂಜಿನಿಯರ್ ಅದಾರ, ಹೇಳ್ಕೊಬಾರದು, ಆದ್ರೂ ಹೇಳ್ತೀನಿ. ಇಂಟರ್ವ್ಯೂದಾಗ ನಾ ಕೇಳೂದು ಸರ್ ಕೇಳಿದ್ದ ಪ್ರಶ್ನಿನ. ಫಾರ್ಮುಲಾ ಪಟಪಟ ಹೇಳ್ತಾರ, ನೀರಿನಾಗಿಂದ ಏನ್ ಹೋತಪಾ ಅಂದ್ರ ಮಾರಿ ನೋಡ್ತಾರ. ನನ್ನ ಮಗಳ ಸಾಲ್ಯಾಗ ಸ್ಮಾರ್ಟ್ ಬೋರ್ಡಿನ ಮ್ಯಾಲ ಡ್ಯಾಮ್ ತೋರಿಸ್ತಾರ, ಚೆಂದ ಐತಿ, ಟ್ರಿಪ್ ಅಂದ್ರ ಮಾತ್ರ ವಾಟರ್ ಪಾರ್ಕು.

ಅದಕ್ಕ ನಮ್ಮ ಬ್ಯಾಚಿನವರೆಲ್ಲ ರೊಕ್ಕ ಕೂಡಿಸಿ ಈ ಸಲ ಹತ್ತನೇ ಕ್ಲಾಸಿನ ಮಕ್ಕಳಿಗೆ ಆಲಮಟ್ಟಿಗೆ ಬಸ್ ಮಾಡಾಕತ್ತೀವಿ. ರಿಟೈರ್ ಆದ ಪಿಟಿ ಸರ್‌ಗೂ ಬರ್ರಿ ಅಂತ ಫೋನ್ ಮಾಡಿದ್ದೆ. ಬರ್ತೀನಿ, ಆದ್ರ ನೀರು ಮನಿಯಿಂದನ ತರ್ತೀನಿ ಅಂದ್ರು.