ರಸ್ತೆ ಬದಿಯ ಗಿಡಗಳ ಲೆಕ್ಕ: ಎರಡನೇ ಸುತ್ತು ಮುಗಿಯಿತು

ಉತ್ತರ ಕನ್ನಡದ ಕಡಲಂಚಿನಲ್ಲಿ ಎರಡು ಹೊತ್ತು ಮಾತ್ರ ಬಸ್ಸು ಬರುವ ಒಂದು ರಸ್ತೆಯನ್ನು ಈ ಕೆಲಸಕ್ಕೆ ಆರಿಸಿಕೊಂಡಿದ್ದೆ. ಉದ್ದ 6 ಕಿಲೋಮೀಟರ್. ಮೊದಲು ಚಿರೆಕಲ್ಲಿನ ಗುಡ್ಡ, ಆಮೇಲೆ ಗದ್ದೆ ಬಯಲು, ಕೊನೆಗೆ ಮರಳು. 250 ಮೀಟರಿಗೊಮ್ಮೆ ನಿಲ್ಲುವುದು. ಎರಡೂ ಬದಿಯಲ್ಲಿ 5 ಮೀಟರ್ ಉದ್ದ, 1 ಮೀಟರ್ ಅಗಲದ ಪಟ್ಟಿಗೆ ಹಗ್ಗ ಕಟ್ಟಿ, ಅದರೊಳಗಿನ ಗಿಡಗಳನ್ನೆಲ್ಲ ಬರೆದುಕೊಳ್ಳುವುದು. ಒಟ್ಟು 50 ಪಟ್ಟಿ. ಮೊದಲ ಸುತ್ತು ಜುಲೈಯಲ್ಲಿ ಆಗಿತ್ತು. ಎರಡನೆಯದು ನವೆಂಬರ್ ಕೊನೆಗೆ ಮುಗಿಯಿತು.

ಪುಸ್ತಕದಲ್ಲಿ ಮೊದಲು ಎರಡೇ ಕಾಲಂ ಇತ್ತು: ಇಲ್ಲಿಯದು, ಹೊರಗಿನದು. ಈಗ ಮೂರು ಮಾಡಿದ್ದೇನೆ: ಇಲ್ಲಿಯದು, ಹೊರಗಿನದು, ಹೊರಗಿನಿಂದ ಬಂದು ಹಬ್ಬುವುದು. ಹೊರಗಿನಿಂದ ಬಂದದ್ದೆಲ್ಲ ಹಬ್ಬುವುದಿಲ್ಲ, ಅಲ್ವಾ? ಗೋಸಂಪಿಗೆ ಅಮೆರಿಕದ ಕಡೆಯದು. ನೆಟ್ಟಲ್ಲೇ ನಿಂತಿದೆ, ಯಾರಿಗೂ ತೊಂದರೆ ಕೊಟ್ಟಿಲ್ಲ. ಲಂಟಾನವೂ ಆ ಕಡೆಯದೇ. ಸುಮಾರು 200 ವರ್ಷಗಳ ಹಿಂದೆ ಚಂದಕ್ಕೆಂದು ತಂದದ್ದು ಈಗ ಬೇಲಿ, ಗುಡ್ಡ, ಕಾಡು ಎಲ್ಲ ಕಡೆ ಇದೆ. ಎರಡನ್ನೂ ಒಂದೇ ಕಾಲಂನಲ್ಲಿ ಬರೆದರೆ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ. ನಾಚಿಕೆ ಮುಳ್ಳನ್ನು ಮೂರನೇ ಕಾಲಂಗೆ ಹಾಕುವಾಗ ಮಾತ್ರ ಸ್ವಲ್ಪ ಬೇಜಾರಾಯಿತು. ಚಿಕ್ಕಂದಿನಿಂದ ಮುಟ್ಟಿ ಆಡಿದ ಗಿಡ, ನಮ್ಮದೇ ಅಂದುಕೊಂಡಿದ್ದೆ. ಅದೂ ಅಮೆರಿಕದಿಂದ ಬಂದದ್ದು.

ಜುಲೈಯಲ್ಲಿ ಒಂದು ದೊಡ್ಡ ತಪ್ಪಾಗಿತ್ತು. ಗದ್ದೆ ಬಯಲಿನ ಉದ್ದಕ್ಕೂ ಹಳದಿ ಹೂವಿನ, ನೆಲಕ್ಕೆ ಹರಡುವ ಒಂದು ಗಿಡ ಸಿಗುತ್ತಿತ್ತು. ಪುಟ್ಟ ಸೂರ್ಯಕಾಂತಿಯ ಹಾಗೆ ಹೂವು. ಎಲ್ಲ ಕಡೆಯೂ 'ವೆಡೇಲಿಯಾ' ಅಂತ ಒಂದೇ ಹೆಸರು ಬರೆದು ಮುಂದೆ ಹೋಗಿದ್ದೆ. ಮನೆಗೆ ಬಂದು ಫೋಟೋ ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು, ಅಲ್ಲಿರುವುದು ಎರಡು ಬೇರೆ ಬೇರೆ ಗಿಡ. ಒಂದು ನಮ್ಮ ಕಡೆಯದೇ, ಸ್ಫ್ಯಾಗ್ನೆಟಿಕೋಲಾ ಕ್ಯಾಲೆಂಡುಲೇಸಿಯಾ. ಇನ್ನೊಂದು ಅಮೆರಿಕದ ಬಿಸಿ ನಾಡುಗಳಿಂದ ಬಂದ ಸ್ಫ್ಯಾಗ್ನೆಟಿಕೋಲಾ ಟ್ರೈಲೊಬೇಟಾ. ಸಿಂಗಪುರ ಡೇಸಿ ಅಂತ ಕರೆಯುವುದು ಇದನ್ನೇ. ಜಗತ್ತಿನ 100 ಅತಿ ಕೆಟ್ಟ ಹಬ್ಬುಗಿಡ, ಪ್ರಾಣಿಗಳ ಪಟ್ಟಿಯಲ್ಲಿ ಇದೂ ಇದೆ.

ಹೂವು ನೋಡಿದರೆ ಮೋಸ ಹೋಗುತ್ತೇವೆ. ಎಲೆ ನೋಡಬೇಕು. ನಮ್ಮದರ ಎಲೆ ಕಿರಿದು, ಉದ್ದ, ಕೈಗೆ ಒರಟು. ಅಂಚಿನಲ್ಲಿ ಸಣ್ಣ ಹಲ್ಲು ಇರಬಹುದು, ಸೀಳು ಇರುವುದಿಲ್ಲ. ಹೊರಗಿನದರ ಎಲೆ ದಪ್ಪ, ಹೊಳಪು ಜಾಸ್ತಿ, ಎರಡು ಬದಿಗೂ ಒಂದೊಂದು ಕಿವಿ ಚಾಚಿ ಮೂರು ಭಾಗವಾದಂತೆ ಕಾಣುತ್ತದೆ. ಕುಡಿಯ ಎಲೆಗಳಲ್ಲಿ ಈ ಕಿವಿ ಸರಿಯಾಗಿ ಕಾಣದೇ ಇರಬಹುದು. ಅದಕ್ಕೇ ಬಗ್ಗಿ, ಬುಡದ ಕಡೆಯ ಬಲಿತ ಎಲೆ ಹುಡುಕಬೇಕು. ಈ ಸಲ ಆ ಪಟ್ಟಿಗಳನ್ನೆಲ್ಲ ಮಂಡಿಯೂರಿ ಕೂತು ಮತ್ತೆ ನೋಡಿದೆ. ಒಂದು ಇಡೀ ದಿನ ಹೋಯಿತು. ಹೋದದ್ದಕ್ಕೆ ಖುಷಿಯೇ ಇದೆ.

ಯಾಕೆಂದರೆ ಹೆಸರು ಸರಿಯಾದ ಮೇಲೆ ಎರಡೂ ಎಲ್ಲೆಲ್ಲಿವೆ ಅಂತ ಸ್ಪಷ್ಟವಾಗಿ ಕಾಣತೊಡಗಿತು. ನಮ್ಮ ಗಿಡ ಇರುವುದು ಹಳೆಯ ಗದ್ದೆ ಅಂಚಿನಲ್ಲಿ, ನೀರು ಹರಿಯುವ ಕಾಲುವೆಯ ಪಕ್ಕ. ಸಿಂಗಪುರ ಡೇಸಿ ಇರುವುದು ಮೋರಿಯ ಹತ್ತಿರ, ರಸ್ತೆ ಅಗಲ ಮಾಡಿದ ಕಡೆ, ಗೋಡೆ ಕಟ್ಟಿದ ಕಡೆ. 31ನೇ ಪಟ್ಟಿಯಲ್ಲಂತೂ ಅದನ್ನು ಬಿಟ್ಟು ಬೇರೇನೂ ಇಲ್ಲ. ಅಲ್ಲಿ ಹಗ್ಗ ಕಟ್ಟುತ್ತಿದ್ದಾಗ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಒಬ್ಬ ಅಜ್ಜಿ ನಿಂತರು.

"ಎಂತ ಹುಡುಕ್ತಿದ್ದೆ ತಂಗಿ?"

ಹೇಳಿದೆ. ಅವರು ಕಾಲಿನಿಂದಲೇ ಆ ಬಳ್ಳಿಯನ್ನು ಸರಿಸಿದರು. "ಇದು ಮುಂಚೆ ಇರ್ಲಿಲ್ಲ. ಗೋಡೆ ಕಟ್ಟುವಾಗ ಲಾರಿಲಿ ಮಣ್ಣು ತಂದ್ರು. ಅದ್ರ ಸಂತಿಗೇ ಬಂತು."

ಮನೆಗೆ ಬಂದು ಹೊರಗಿನ ಮಣ್ಣು ಬಿದ್ದ ಪಟ್ಟಿಗಳಿಗೆಲ್ಲ ಗುರುತು ಹಾಕಿದೆ. ಸಿಂಗಪುರ ಡೇಸಿ ಸಿಕ್ಕ ಪಟ್ಟಿಗಳಲ್ಲಿ ಹೆಚ್ಚಿನವು ಅವೇ. ಇದು ಬೀಜಕ್ಕಿಂತ ತುಂಡಿನಿಂದಲೇ ಹಬ್ಬುವ ಗಿಡ. ಗೆಣ್ಣು ನೆಲಕ್ಕೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಮಣ್ಣಿನಲ್ಲಿ ಬೆರಳುದ್ದದ ಒಂದು ಚೂರು ಬಂದರೂ ಸಾಕು.

ನವೆಂಬರಿನಲ್ಲಿ ಇನ್ನೊಂದು ಪೆಟ್ಟು ಬಿತ್ತು. ನಾನು ಹೋಗುವ ವಾರದ ಮೊದಲೇ ಅರ್ಧ ರಸ್ತೆಯ ಬದಿ ಮಷಿನ್ ಹಾಕಿ ಸವರಿದ್ದರು. 14 ಪಟ್ಟಿಗಳಲ್ಲಿ ಬುಡ ಮಾತ್ರ ಉಳಿದಿತ್ತು. ಕತ್ತರಿಸಿದ ಸಿಂಗಪುರ ಡೇಸಿಯ ಚೂರುಗಳು ರಸ್ತೆಯುದ್ದಕ್ಕೂ ಬಿದ್ದಿದ್ದವು. ಒಂದನ್ನು ಎತ್ತಿ ನೋಡಿದೆ. ಎಲೆ ಬಾಡಿತ್ತು, ಆದರೆ ಗೆಣ್ಣಿನಲ್ಲಿ ಅಕ್ಕಿಕಾಳಿಗಿಂತ ಸಣ್ಣ ಬಿಳಿ ಬೇರು ಆಗಲೇ ಹೊರಟಿತ್ತು. ಆ 14 ಪಟ್ಟಿಗಳನ್ನು ಲೆಕ್ಕದಿಂದ ಬಿಟ್ಟಿಲ್ಲ. 'ಸವರಿದ್ದು' ಅಂತ ಬರೆದು, ತುಂಡು ಬಿದ್ದ ಜಾಗಗಳ ಫೋಟೋ ತೆಗೆದಿಟ್ಟಿದ್ದೇನೆ.

ಗುಡ್ಡದ ಭಾಗದ ಬಗ್ಗೆ ಹೇಳುವುದು ಕಡಿಮೆ. ಹೊರಗಿನಿಂದ ಬಂದು ಹಬ್ಬಿದ ಯುಪಟೋರಿಯಂ ಪೊದೆ ಅಲ್ಲಿ ಜಾಸ್ತಿ. ಎಲೆಯ ಬುಡದಿಂದ ಮೂರು ನರ ಕವಲೊಡೆದಿರುತ್ತವೆ, ಹಿಸುಕಿದರೆ ಗಾಟು ವಾಸನೆ, ಗುರುತಿಸುವುದು ಸುಲಭ. ಈಗ ಹೂ ಬಿಡುವ ಕಾಲ. ಅಕೇಶಿಯಾ ಮರಗಳ ಕೆಳಗೆ ಒಣಗಿದ ಎಲೆಗಳ ದಪ್ಪ ಹಾಸು, ಅದರಡಿ ಬೇರೆ ಸಸಿ ತೀರಾ ಕಮ್ಮಿ.

ಆದರೆ ಮಣ್ಣು ಸುರಿಯದ, ಅಗೆಯದ ಬರಿ ಚಿರೆಕಲ್ಲಿನ ಮೇಲೆ ಜುಲೈಯಲ್ಲಿ ಕಂಡದ್ದು ಇನ್ನೂ ಕಣ್ಣ ಮುಂದಿದೆ. ತೆಳ್ಳಗೆ ನೀರು ಜಿನುಗುವ ಕಡೆ ಯುಟ್ರಿಕ್ಯುಲೇರಿಯಾದ ನೀಲಿ ಹೂವುಗಳು, ಒಂದೊಂದೂ ಕಿರುಬೆರಳ ಉಗುರಿಗಿಂತ ಚಿಕ್ಕದು. ನೀರಿನ ಸೂಕ್ಷ್ಮ ಜೀವಿಗಳನ್ನು ಹಿಡಿದು ಬದುಕುವ ಗಿಡ ಅದು. ಪಕ್ಕದ ಕೇಪಳದ ಪೊದೆಗೆ ಗೌರಿ ಹೂವಿನ ಬಳ್ಳಿ ಹತ್ತಿತ್ತು. ಅದು ಹತ್ತುವುದೇ ಎಲೆಯ ತುದಿಯಿಂದ. ತುದಿ ಸುರುಳಿಯಾಗಿ ಕೊಂಬೆಯನ್ನು ಸುತ್ತಿ ಹಿಡಿದಿತ್ತು. ಆ ಎರಡು ಪಟ್ಟಿಗಳ ಮೂರನೇ ಕಾಲಂ ಎರಡು ಸುತ್ತಿನಲ್ಲೂ ಖಾಲಿ. ಮರಳಿನ ಕಡೆಯೂ ಪರವಾಗಿಲ್ಲ. ಕೇದಿಗೆ ಇದೆ, ಆಡಿನ ಗೊರಸಿನಂಥ ಎಲೆಯ ಅಡುಂಬು ಬಳ್ಳಿ ದಂಡೆಯಿಂದ ರಸ್ತೆಯ ಅಂಚಿಗೇ ಬಂದಿದೆ.

ಜುಲೈಯಲ್ಲಿ ಪೇಪರಿನ ನಡುವೆ ಒಣಗಲು ಒತ್ತಿಟ್ಟ ಗಿಡದ ಮಾದರಿಗಳಲ್ಲಿ ಅರ್ಧದಷ್ಟು ಬೂಷ್ಟು ಹಿಡಿದು ಹಾಳಾದವು. ಮಳೆಗಾಲದಲ್ಲಿ ಪೇಪರನ್ನು ದಿನಕ್ಕೆ ಎರಡು ಸಲವಾದರೂ ಬದಲಿಸಬೇಕು. ನಾನು ಒಂದೇ ಸಲ ಬದಲಿಸುತ್ತಿದ್ದೆ. ಹುಲ್ಲುಗಳ ಹೆಸರೂ ಇನ್ನೂ ಬಾಕಿ. ತೆನೆ ಇಲ್ಲದೆ ಗುರುತಿಸಲು ಹೋಗಿಲ್ಲ, ಸುಮ್ನೆ 'ಹುಲ್ಲು 1', 'ಹುಲ್ಲು 2' ಅಂತ ಬರೆದಿಟ್ಟಿದ್ದೇನೆ.

ಮುಂದಿನ ಸುತ್ತು ಮಾರ್ಚಿನಲ್ಲಿ. ಅದಕ್ಕೂ ಮೊದಲು ಸವರಿದ 14 ಪಟ್ಟಿಗಳಿಗೆ ಒಮ್ಮೆ ಹೋಗಿ, ಬಿದ್ದ ತುಂಡುಗಳಲ್ಲಿ ಎಷ್ಟು ಬೇರೂರಿವೆ ಅಂತ ಎಣಿಸಿ ಬರುತ್ತೇನೆ. 22ನೇ ಪಟ್ಟಿಯಲ್ಲಿ ಎರಡು ವೆಡೇಲಿಯಾಗಳೂ ಒಂದು ಮೊಳದ ಅಂತರದಲ್ಲಿವೆ. ಅಲ್ಲಿ ಒಂದು ಗೂಟ ಹುಗಿದು ಬಂದಿದ್ದೇನೆ.