ತುಕ್ಕಿನ ಸದ್ದೆಂದು ತಿಳಿದದ್ದು

ಮಲೆನಾಡಿನ ಮಳೆಗಾಲದಲ್ಲಿ ರಾತ್ರಿಯಿಡೀ ಅಂಗಳದಲ್ಲಿ ನೆನೆದ ಕಾರನ್ನು ಬೆಳಿಗ್ಗೆ ಹೊರಡಿಸಿದಾಗ ಬ್ರೇಕು ಸ್ವಲ್ಪ ಕರಕರ ಎನ್ನುವುದು ಸಹಜ. ಚಕ್ರದೊಂದಿಗೆ ತಿರುಗುವ ಬ್ರೇಕ್ ಡಿಸ್ಕ್ ಎರಕದ ಕಬ್ಬಿಣದ್ದಾದ್ದರಿಂದ ಒಂದೇ ರಾತ್ರಿಯಲ್ಲಿ ಅದರ ಮೇಲೆ ತೆಳುವಾಗಿ ತುಕ್ಕು ಹಿಡಿಯುತ್ತದೆ. ನಾಲ್ಕೈದು ಸಲ ಬ್ರೇಕ್ ಒತ್ತುವಷ್ಟರಲ್ಲಿ ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಪ್ಯಾಡುಗಳೇ ಅದನ್ನು ಉಜ್ಜಿ ತೆಗೆಯುತ್ತವೆ. ಈ ಸದ್ದಿಗೆ ನನ್ನ ಕಿವಿ ಎಷ್ಟು ಒಗ್ಗಿಹೋಗಿತ್ತೆಂದರೆ, ಕಳೆದ ಜುಲೈನಲ್ಲಿ ಅದು ಪೇಟೆ ದಾಟಿದ ಮೇಲೂ ನಿಲ್ಲದಿದ್ದಾಗ ಅನುಮಾನವೇ ಬರಲಿಲ್ಲ.

ಅದಕ್ಕೂ ಮೊದಲು ಮೂರು ವಾರ, ಬ್ರೇಕ್ ಒತ್ತಿದಾಗಲೆಲ್ಲ ಸಿಳ್ಳೆಯಂಥ ಕೀರಲು ಸದ್ದು ಬರುತ್ತಿತ್ತು. ಅನೇಕ ಕಾರುಗಳ ಪ್ಯಾಡಿಗೆ ಸಣ್ಣದೊಂದು ಉಕ್ಕಿನ ಪಟ್ಟಿಯನ್ನು ಬೇಕೆಂದೇ ಜೋಡಿಸಿರುತ್ತಾರೆ. ಹೊಸದರಲ್ಲಿ ಸುಮಾರು 10 ಮಿ.ಮೀ. ದಪ್ಪವಿರುವ ಲೈನರ್, ಅಂದರೆ ಪ್ಯಾಡಿನ ಉಜ್ಜುವ ಪದರ, ಸವೆದು 2–3 ಮಿ.ಮೀ.ಗೆ ಇಳಿದಾಗ ಆ ಪಟ್ಟಿ ಡಿಸ್ಕಿಗೆ ತಾಗಿ ಕಿರುಚುತ್ತದೆ. ಪ್ಯಾಡ್ ಬದಲಿಸಲು ಅದೇ ಸರಿಯಾದ ಹೊತ್ತು. ನಾನು ಕಿಟಕಿಯ ಗಾಜು ಏರಿಸಿಕೊಂಡೆ, ಅಷ್ಟೆ.

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಮೂರನ್ನು ಇಳಿಯುವಷ್ಟರಲ್ಲಿ ಆ ಕರಕರ ಸದ್ದು, ಬೀಸುಕಲ್ಲಿಗೆ ಹರಳು ಸಿಕ್ಕಂತೆ ಗರಗರ ಎನ್ನತೊಡಗಿತು. ಪೆಡಲಿನ ಮೂಲಕ ಅಂಗಾಲಿಗೂ ಅದು ತಿಳಿಯುತ್ತಿತ್ತು. ಕಲ್ಲಿನ ಚೂರೇನಾದರೂ ಸಿಕ್ಕಿಕೊಂಡಿದ್ದರೆ ಕಾಲು ತೆಗೆದರೂ ಸದ್ದು ಬರಬೇಕಿತ್ತು. ಇದು ಬ್ರೇಕ್ ಒತ್ತಿದಾಗ ಮಾತ್ರ ಬರುತ್ತಿತ್ತು. ಮೊದಲನೆಯ, ಎರಡನೆಯ ಗೇರುಗಳಲ್ಲಿ ಎಂಜಿನ್ನಿನ ಹಿಡಿತವನ್ನೇ ನಂಬಿ ನಿಧಾನವಾಗಿ ಸೋಮೇಶ್ವರಕ್ಕೆ ಇಳಿದು, ಹೆಬ್ರಿಯಿಂದ ಮೆಕ್ಯಾನಿಕ್‌ರನ್ನು ಕರೆಸಿದೆ.

ಚಕ್ರ ಬಿಚ್ಚಿದಾಗ ಕಂಡದ್ದೇ ಬೇರೆ. ಹೊರಬದಿಯ ಪ್ಯಾಡಿನಲ್ಲಿ ಅರ್ಧದಷ್ಟು ಲೈನರ್ ಉಳಿದಿತ್ತು. ಚಕ್ರದ ಸಂದಿಯಿಂದ ಇಣುಕಿದಾಗಲೆಲ್ಲ ನನಗೆ ಕಾಣುತ್ತಿದ್ದುದು ಅದೊಂದೇ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಅತ್ತಿತ್ತ ಜಾರುವ ಪಿನ್ನು ತುಕ್ಕು ಹಿಡಿದು ಜಾಮ್ ಆಗಿದ್ದರಿಂದ ಭಾರವೆಲ್ಲ ಒಳಬದಿಯ ಪ್ಯಾಡಿನ ಮೇಲೆ ಬಿದ್ದು, ಅದರ ಲೈನರ್ ಪೂರ್ತಿ ಸವೆದು, ಬೆನ್ನಿನ ಉಕ್ಕಿನ ತಗಡು ನೇರವಾಗಿ ಡಿಸ್ಕನ್ನು ಕೆರೆಯುತ್ತಿತ್ತು. ಡಿಸ್ಕಿನ ಮೇಲೆ ಉಗುರು ಸಿಕ್ಕುವಷ್ಟು ಆಳದ ಗೆರೆಗಳು ಬಿದ್ದಿದ್ದವು. ಬ್ರೇಕ್ ಆಯಿಲ್ ಕಡಿಮೆಯಾಗಿದೆಯೆಂದು ಜೂನ್‌ನಲ್ಲಿ ನಾನೇ ತುಂಬಿಸಿದ್ದೆನಲ್ಲ, ಅದೂ ಪ್ಯಾಡ್ ಸವೆದ ಗುರುತೇ ಆಗಿತ್ತು: ಪ್ಯಾಡ್ ಸವೆದಷ್ಟೂ ಅದನ್ನು ಒತ್ತುವ ಪಿಸ್ಟನ್ ಮುಂದೆ ಸರಿಯುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯ ಆಯಿಲ್ ಇಳಿಯುತ್ತದೆ.

ಡಿಸ್ಕಿನ ಮೇಲೆಯೇ ಅಚ್ಚೊತ್ತಿದ್ದ ಕನಿಷ್ಠ ದಪ್ಪಕ್ಕಿಂತ ಅಳತೆ ಕಡಿಮೆ ಬಂದದ್ದರಿಂದ, ಪ್ಯಾಡುಗಳ ಜೊತೆಗೆ ಮುಂದಿನ ಎರಡೂ ಡಿಸ್ಕುಗಳನ್ನು ಬದಲಿಸಬೇಕಾಯಿತು. ಹೊಸ ಪ್ಯಾಡು ಡಿಸ್ಕಿಗೆ ಸರಿಯಾಗಿ ಕೂರುವವರೆಗೆ, ಮೊದಲ 200–300 ಕಿ.ಮೀ., ಆದಷ್ಟು ಜೋರಾಗಿ ಬ್ರೇಕ್ ಹಾಕಬೇಡಿ ಎಂದು ಮೆಕ್ಯಾನಿಕ್ ಹೇಳಿದರು. ಮರಳುವಾಗ ಘಾಟಿ ಹತ್ತುವುದೇ ಇದ್ದುದರಿಂದ ಅದು ಕಷ್ಟವಾಗಲಿಲ್ಲ.